ಜೋ ಲೂಯಿಸ್: ಜೀವನ ಪರಿಚಯ ಹಾಗೂ ಸ್ವಯಂ ಉದ್ಯೋಗಿಗಳ ಅಂದಾಜು ತೆರಿಗೆ

ಪೀಠಿಕೆ

ಮಾಸಿಕ ವೇತನ ಪಡೆಯುವ ನೌಕರರ ಆದಾಯ ತೆರಿಗೆಯನ್ನು ವೇತನ ನೀಡುವವರೇ ಮೂಲದಲ್ಲಿ ಕಡಿತಗೊಳಿಸಿ ಸರ್ಕಾರಕ್ಕೆ ಜಮಾ ಮಾಡುತ್ತಾರೆ. ಆದರೆ ವೈದ್ಯರು, ವಕೀಲರು, ಕಲಾವಿದರು, ಕ್ರೀಡಾಪಟುಗಳು, ಗುತ್ತಿಗೆದಾರರು, ಸಣ್ಣ ವ್ಯಾಪಾರಿಗಳು ಮುಂತಾದ ಸ್ವಯಂ ಉದ್ಯೋಗಿಗಳಿಗೆ ಹಣವು ಬಹುಮಟ್ಟಿಗೆ ಪೂರ್ಣವಾಗಿಯೇ ಕೈಸೇರುತ್ತದೆ. ಅದರಲ್ಲಿ ಸರ್ಕಾರಕ್ಕೆ ಸಲ್ಲಬೇಕಾದ ಪಾಲನ್ನು ಬೇರ್ಪಡಿಸಿ, ಕಾಲಕಾಲಕ್ಕೆ ಪಾವತಿ ಮಾಡುವ ಹೊಣೆ ಅವರದೇ ಆಗಿರುತ್ತದೆ. ಈ ಹೊಣೆಯನ್ನು ಬೇರೆಯವರಿಗೆ ವಹಿಸಿ ತಾವು ನಿಶ್ಚಿಂತರಾಗಿದ್ದ ಕಾರಣದಿಂದ, ಜಗತ್ತಿನ ಅತ್ಯಂತ ಪ್ರಸಿದ್ಧ ಕ್ರೀಡಾಪಟುವೊಬ್ಬರು ತಮ್ಮ ಜೀವಮಾನದ ಕೊನೆಯ ಮೂವತ್ತು ವರ್ಷಗಳನ್ನು ತೆರಿಗೆ ಬಾಕಿಯ ನೆರಳಿನಲ್ಲಿ ಕಳೆಯಬೇಕಾಯಿತು. ಅವರೇ ಅಮೆರಿಕ ಸಂಯುಕ್ತ ಸಂಸ್ಥಾನದ ಮುಷ್ಟಿಯುದ್ಧ ಪಟು ಜೋ ಲೂಯಿಸ್. ಅವರ ಜೀವನ ವೃತ್ತಾಂತವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಜೋಸೆಫ್ ಲೂಯಿಸ್ ಬ್ಯಾರೋ ಎಂಬುದು ಇವರ ಪೂರ್ಣ ಹೆಸರು. ಇವರು 1914ನೇ ಇಸವಿ ಮೇ 13 ರಂದು ಅಲಬಾಮಾ ರಾಜ್ಯದ ಚೇಂಬರ್ಸ್ ಕೌಂಟಿಯಲ್ಲಿ, ಲಫಯೆಟ್ ಪಟ್ಟಣದ ಸಮೀಪದ ಒಂದು ಬಡ ರೈತ ಕುಟುಂಬದಲ್ಲಿ ಜನಿಸಿದರು. ಎಂಟು ಮಕ್ಕಳಲ್ಲಿ ಇವರು ಏಳನೆಯವರು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರ ವಂಶಕ್ಕೆ ಸೇರಿದ ಈ ಕುಟುಂಬವು ಹತ್ತಿ ಬೆಳೆಯುವ ಜಮೀನಿನಲ್ಲಿ ಪಾಲಿಗೆ ದುಡಿದು ಜೀವನ ಸಾಗಿಸುತ್ತಿತ್ತು. ಜೋ ಅವರಿಗೆ ಎರಡು ವರ್ಷ ತುಂಬುವ ವೇಳೆಗೆ ತಂದೆ ಮಾನಸಿಕ ಅಸ್ವಸ್ಥತೆಯಿಂದ ಆಸ್ಪತ್ರೆ ಸೇರಿದರು. ತಾಯಿ ಲಿಲ್ಲಿ ಅವರು ಕಷ್ಟದಿಂದ ಮಕ್ಕಳನ್ನು ಸಾಕಿದರು, ಮುಂದೆ ಮರುವಿವಾಹವಾದರು.

1926 ರಲ್ಲಿ ಕುಟುಂಬವು ಉತ್ತರದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರಕ್ಕೆ ವಲಸೆ ಬಂದಿತು. ಅಂದು ಡೆಟ್ರಾಯಿಟ್ ಮೋಟಾರು ವಾಹನ ಕಾರ್ಖಾನೆಗಳಿಂದಾಗಿ ದುಡಿಯುವ ಕೈಗಳನ್ನು ಕರೆಯುತ್ತಿದ್ದ ನಗರವಾಗಿತ್ತು. ಜೋ ಅವರು ವೃತ್ತಿ ಶಿಕ್ಷಣ ಶಾಲೆಯಲ್ಲಿ ಮರಗೆಲಸದ ತರಬೇತಿ ಪಡೆದರು. ಮಗ ಪಿಟೀಲು ಕಲಿಯಲೆಂದು ತಾಯಿ ಉಳಿಸಿ ಕೊಟ್ಟ ಹಣವನ್ನು ಅವರು ವ್ಯಾಯಾಮಶಾಲೆಯ ಶುಲ್ಕಕ್ಕೆ ಬಳಸಿ ಮುಷ್ಟಿಯುದ್ಧ ಕಲಿತರೆಂದು ಹೇಳಲಾಗುತ್ತದೆ. 1929 ರ ನಂತರದ ಆರ್ಥಿಕ ಮಹಾಕುಸಿತದ ದಿನಗಳಲ್ಲಿ ಕುಟುಂಬವು ನಗರಾಡಳಿತ ನೀಡುತ್ತಿದ್ದ ಪರಿಹಾರ ಧನವನ್ನು ಅವಲಂಬಿಸಬೇಕಾಯಿತು. ಮುಂದೆ ಕೈಯಲ್ಲಿ ಹಣ ಆಡತೊಡಗಿದ ಕೂಡಲೇ ಜೋ ಅವರು ಆ ಪರಿಹಾರ ಧನವನ್ನು ಡೆಟ್ರಾಯಿಟ್ ನಗರಕ್ಕೆ ಹಿಂದಿರುಗಿಸಿದರು. ಸರ್ಕಾರದ ಹಣವನ್ನು ಉಳಿಸಿಕೊಳ್ಳಬೇಕೆಂಬ ಉದ್ದೇಶ ಅವರಿಗೆ ಎಂದೂ ಇರಲಿಲ್ಲವೆಂಬುದಕ್ಕೆ ಈ ಸಂಗತಿಯೇ ಸಾಕ್ಷಿ.

ವೃತ್ತಿ ಜೀವನ

1934 ರ ಜುಲೈ 4 ರಂದು ಷಿಕಾಗೋ ನಗರದಲ್ಲಿ ಲೂಯಿಸ್ ಅವರು ವೃತ್ತಿಪರ ಮುಷ್ಟಿಯುದ್ಧಕ್ಕೆ ಪ್ರವೇಶ ಮಾಡಿದರು. ಜಾನ್ ರಾಕ್ಸ್‌ಬರೋ ಮತ್ತು ಜೂಲಿಯನ್ ಬ್ಲ್ಯಾಕ್ ಅವರ ವ್ಯವಸ್ಥಾಪಕರಾಗಿದ್ದರು. ಜ್ಯಾಕ್ ಬ್ಲ್ಯಾಕ್‌ಬರ್ನ್ ತರಬೇತುದಾರರಾಗಿದ್ದರು. ನ್ಯೂಯಾರ್ಕಿನ ಮೈಕ್ ಜೇಕಬ್ಸ್ ಪಂದ್ಯಗಳನ್ನು ಸಂಘಟಿಸುತ್ತಿದ್ದರು. ಕರಿಯ ವರ್ಣೀಯರಿಗೆ ಹೆವಿವೇಟ್ ಪ್ರಶಸ್ತಿಗೆ ಸ್ಪರ್ಧಿಸುವ ಅವಕಾಶವೇ ದುರ್ಲಭವಾಗಿದ್ದ ಆ ಕಾಲದಲ್ಲಿ ಲೂಯಿಸ್ ಅವರು 1935 ರಲ್ಲಿ ಮಾಜಿ ವಿಶ್ವ ಚಾಂಪಿಯನ್ನರಾದ ಪ್ರಿಮೋ ಕಾರ್ನೆರಾ ಮತ್ತು ಮ್ಯಾಕ್ಸ್ ಬೇರ್ ಅವರನ್ನು ಸೋಲಿಸಿದರು. 1936 ರ ಜೂನ್ 19 ರಂದು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಅವರಿಂದ ಪರಾಭವಗೊಂಡರೂ ಎದೆಗುಂದದೆ, 1937 ರ ಜೂನ್ 22 ರಂದು ಜೇಮ್ಸ್ ಬ್ರ್ಯಾಡಕ್ ಅವರನ್ನು ಮಣಿಸಿ ವಿಶ್ವ ಹೆವಿವೇಟ್ ಚಾಂಪಿಯನ್ ಪದವಿಗೇರಿದರು.

1938 ರ ಜೂನ್ 22 ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಷ್ಮೆಲಿಂಗ್ ಅವರೊಡನೆ ನಡೆದ ಮರುಪಂದ್ಯವು ಕೇವಲ ಎರಡು ನಿಮಿಷ ನಾಲ್ಕು ಸೆಕೆಂಡುಗಳಲ್ಲಿ ಮುಗಿಯಿತು. ನಾಜಿ ಜರ್ಮನಿಯು ತನ್ನ ಜನಾಂಗೀಯ ಹಿರಿಮೆಯನ್ನು ಸಾರುತ್ತಿದ್ದ ಸಂದರ್ಭದಲ್ಲಿ ಬಂದ ಈ ಗೆಲುವು ಲೂಯಿಸ್ ಅವರನ್ನು ಇಡೀ ಅಮೆರಿಕ ರಾಷ್ಟ್ರದ ವೀರನನ್ನಾಗಿ ಮಾಡಿತು. ಒಟ್ಟು 11 ವರ್ಷ 8 ತಿಂಗಳ ಕಾಲ ಪದವಿಯಲ್ಲಿದ್ದು, 25 ಬಾರಿ ಅದನ್ನು ಉಳಿಸಿಕೊಂಡ ಕೀರ್ತಿ ಅವರದು.

ಗಳಿಕೆಯ ಲೆಕ್ಕಾಚಾರ

ಲೂಯಿಸ್ ಅವರ ವೃತ್ತಿ ಜೀವನದ ಒಟ್ಟು ಸಂಭಾವನೆ 46 ಲಕ್ಷ ಡಾಲರುಗಳಿಗೂ ಅಧಿಕವೆಂದೂ, ಅದರಲ್ಲಿ ಅವರ ಕೈಗೆ ಸೇರಿದ್ದು ಸುಮಾರು 8 ಲಕ್ಷ ಡಾಲರುಗಳು ಮಾತ್ರವೆಂದೂ ಅಂದಾಜು ಮಾಡಲಾಗಿದೆ. ಉಳಿದ ಹಣವು ವ್ಯವಸ್ಥಾಪಕರ ಪಾಲು, ತರಬೇತಿ ವೆಚ್ಚ ಮೊದಲಾದ ಬಾಬುಗಳಿಗೆ ಸಂದಿತು. ಕೈಗೆ ಬಂದ ಹಣವನ್ನೂ ಅವರು ಧಾರಾಳವಾಗಿ ಖರ್ಚು ಮಾಡಿದರು. ಬಂಧುಗಳಿಗೂ ಸ್ನೇಹಿತರಿಗೂ ಕೇಳಿದಷ್ಟು ಕೊಟ್ಟರು. ಉಪಾಹಾರ ಗೃಹ, ತಂಪು ಪಾನೀಯ, ವಿಮಾ ಸಂಸ್ಥೆ, ಸಾಫ್ಟ್‌ಬಾಲ್ ತಂಡ ಮುಂತಾದವುಗಳಲ್ಲಿ ತೊಡಗಿಸಿದ ಬಂಡವಾಳ ಬಹುಪಾಲು ಕೈಬಿಟ್ಟಿತು.

ಇದಕ್ಕಿಂತ ಗಂಭೀರವಾದ ವಿಷಯವೆಂದರೆ, ತೆರಿಗೆಯ ಲೆಕ್ಕಪತ್ರಗಳು ಅವರ ಸ್ವಂತ ಉಸ್ತುವಾರಿಯಲ್ಲಿ ಇರಲಿಲ್ಲ. ಅವರ ತೆರಿಗೆ ವಿವರಪಟ್ಟಿಗಳನ್ನು ಪಂದ್ಯ ಸಂಘಟಕರ ಲೆಕ್ಕಿಗರೇ ಸಿದ್ಧಪಡಿಸಿ ಸಲ್ಲಿಸುತ್ತಿದ್ದರು. ಲೆಕ್ಕಿಗರನ್ನು ನೇಮಿಸಿಕೊಳ್ಳುವುದು ತಪ್ಪಲ್ಲ. ಆದರೆ ವಿವರಪಟ್ಟಿಯಲ್ಲಿ ತಪ್ಪಾದರೆ ತೆರಿಗೆ, ಬಡ್ಡಿ ಹಾಗೂ ದಂಡವನ್ನು ಭರಿಸಬೇಕಾದವರು ತೆರಿಗೆದಾರರೇ ಹೊರತು ಲೆಕ್ಕಿಗರಲ್ಲ ಎಂಬುದನ್ನು ಲೂಯಿಸ್ ಅವರು ಬಹಳ ತಡವಾಗಿ ಅರಿತರು.

ಯುದ್ಧಕಾಲದ ಸೇವೆ ಮತ್ತು ದಾನ

1941 ರಲ್ಲಿ ಲೂಯಿಸ್ ಅವರು ಏಳು ಬಾರಿ ಪದವಿ ರಕ್ಷಣೆಗಾಗಿ ಸೆಣಸಿ ಗೆದ್ದರು. ಅಮೆರಿಕ ದೇಶವು ಎರಡನೇ ಮಹಾಯುದ್ಧವನ್ನು ಪ್ರವೇಶಿಸಿದ ನಂತರ, 1942 ರ ಜನವರಿ 9 ರಂದು ಬಡ್ಡಿ ಬೇರ್ ಅವರೊಡನೆ ನಡೆದ ಪಂದ್ಯದ ಸಂಭಾವನೆಯನ್ನು ನೌಕಾಪಡೆಯ ಪರಿಹಾರ ಸಂಸ್ಥೆಗೂ, ಮಾರ್ಚ್ 27 ರಂದು ಏಬ್ ಸೈಮನ್ ಅವರೊಡನೆ ನಡೆದ ಪಂದ್ಯದ ಸಂಭಾವನೆಯನ್ನು ಭೂಸೇನೆಯ ಪರಿಹಾರ ನಿಧಿಗೂ ದಾನ ಮಾಡಿದರು. ಈ ಎರಡೂ ಮೊತ್ತ ಸೇರಿ 80 ಸಾವಿರ ಡಾಲರುಗಳಿಗೂ ಮೇಲ್ಪಟ್ಟಿತ್ತು. ಮೊದಲ ಪಂದ್ಯದ ಮರುದಿನವೇ ಅವರು ಸೇನೆಗೆ ಸೇರಿದರು. ಸಾಮಾನ್ಯ ಸಿಪಾಯಿಯಾಗಿ ಅವರ ಮಾಸಿಕ ವೇತನ 21 ಡಾಲರುಗಳು.

ದಾನ ಮಾಡಿದ ಸಂಭಾವನೆಯನ್ನೂ ಕಂದಾಯ ಇಲಾಖೆಯು ಲೂಯಿಸ್ ಅವರ ಆದಾಯವೆಂದೇ ಲೆಕ್ಕಕ್ಕೆ ತೆಗೆದುಕೊಂಡಿತು. ಅಂದಿನ ಕಾನೂನಿನಂತೆ ವ್ಯಕ್ತಿಯೊಬ್ಬರು ನೀಡಿದ ದಾನಕ್ಕೆ ನಿವ್ವಳ ಆದಾಯದ ಶೇಕಡ 15 ರ ಮಿತಿಯವರೆಗೆ ಮಾತ್ರ ವಿನಾಯಿತಿ ದೊರೆಯುತ್ತಿತ್ತು. ದುಡಿದ ಹಣವು ಮೊದಲು ಆದಾಯ, ಅನಂತರ ದಾನ ಎಂಬುದು ತೆರಿಗೆ ಕಾನೂನಿನ ದೃಷ್ಟಿ. ದೇಶಕ್ಕಾಗಿ ಕೊಟ್ಟ ಹಣದ ಮೇಲೆಯೇ ದೇಶವು ತೆರಿಗೆ ಕೇಳಿದ್ದು ಆ ದಿನಗಳಲ್ಲಿಯೂ, ಅನಂತರವೂ ಸಾರ್ವಜನಿಕರಲ್ಲಿ ಬೇಸರ ಮೂಡಿಸಿದ ಸಂಗತಿಯಾಗಿದೆ.

ಸೇನೆಯಲ್ಲಿದ್ದಾಗ ಲೂಯಿಸ್ ಅವರು 96 ಪ್ರದರ್ಶನ ಪಂದ್ಯಗಳನ್ನು ನಡೆಸಿ, ಸುಮಾರು 20 ಲಕ್ಷ ಯೋಧರನ್ನು ರಂಜಿಸಿದರು. ಕರಿಯ ಸೈನಿಕರಿಗೆ ಅಧಿಕಾರಿ ತರಬೇತಿಗೆ ಪ್ರವೇಶ ದೊರಕಿಸುವಲ್ಲಿ ತಮ್ಮ ಪ್ರಭಾವವನ್ನು ಬಳಸಿದರು. ಮುಂದೆ ಬೇಸ್‌ಬಾಲ್ ಆಟದಲ್ಲಿ ಖ್ಯಾತರಾದ ಜ್ಯಾಕಿ ರಾಬಿನ್‌ಸನ್ ಅವರು ಹೀಗೆ ನೆರವು ಪಡೆದವರಲ್ಲಿ ಒಬ್ಬರು. 1945 ರಲ್ಲಿ ಲೂಯಿಸ್ ಅವರಿಗೆ ಲೀಜನ್ ಆಫ್ ಮೆರಿಟ್ ಪದಕ ನೀಡಿ ಗೌರವಿಸಲಾಯಿತು.

1943 ರ ಕಾನೂನು

ಇಲ್ಲಿ ಅಮೆರಿಕದ ತೆರಿಗೆ ಪಾವತಿ ಪದ್ಧತಿಯ ಬಗ್ಗೆ ಎರಡು ಮಾತು ಅವಶ್ಯ. 1913 ರಿಂದ ಜಾರಿಯಲ್ಲಿದ್ದ ಆಧುನಿಕ ಆದಾಯ ತೆರಿಗೆ ವ್ಯವಸ್ಥೆಯಲ್ಲಿ ಒಂದು ವರ್ಷದ ಆದಾಯದ ಮೇಲಿನ ತೆರಿಗೆಯನ್ನು ಅದರ ಮುಂದಿನ ವರ್ಷದಲ್ಲಿ ಪಾವತಿ ಮಾಡಬೇಕಿತ್ತು. ವರ್ಷದಿಂದ ವರ್ಷಕ್ಕೆ ಸಮನಾದ ಆದಾಯವಿದ್ದವರಿಗೆ ಇದರಿಂದ ತೊಂದರೆಯಿರಲಿಲ್ಲ. ಆದರೆ ಆದಾಯ ಹಠಾತ್ತನೆ ಕುಸಿದವರಿಗೆ ಇದು ಉರುಳಾಗುತ್ತಿತ್ತು. ಲೂಯಿಸ್ ಅವರ ಪ್ರಕರಣವೇ ಇದಕ್ಕೆ ಸ್ಪಷ್ಟ ಉದಾಹರಣೆ. 1941 ರ ಏಳು ಪದವಿ ಪಂದ್ಯಗಳ ಗಳಿಕೆಯ ಮೇಲಿನ ತೆರಿಗೆಯನ್ನು 1942 ರಲ್ಲಿ, ಅಂದರೆ ತಿಂಗಳಿಗೆ 21 ಡಾಲರ್ ಪಡೆಯುವ ಸಿಪಾಯಿಯಾಗಿದ್ದಾಗ ಕಟ್ಟಬೇಕಾಗಿ ಬಂದಿತು. ಆ ವೇಳೆಗೆ ಹಣ ಖರ್ಚಾಗಿ ಹೋಗಿತ್ತು.

ಈ ದೋಷವನ್ನು ನಿವಾರಿಸಲು ನ್ಯೂಯಾರ್ಕಿನ ಹಣಕಾಸು ತಜ್ಞ ಬಿಯರ್ಡ್ಸ್‌ಲೀ ರೂಮ್ಲ್ ಅವರು ದುಡಿಯುವ ಕಾಲದಲ್ಲಿಯೇ ತೆರಿಗೆ ಪಾವತಿ ಮಾಡುವ ಯೋಜನೆಯನ್ನು ಮುಂದಿಟ್ಟರು. ಚರ್ಚೆಯ ನಂತರ, ಬದಲಾವಣೆಗಳೊಂದಿಗೆ ಅದು 1943 ರ ಜೂನ್ 9 ರಂದು ಕಾನೂನಾಯಿತು. ಇದರ ಪ್ರಕಾರ ಅದೇ ಜುಲೈ 1 ರಿಂದ ನೌಕರರ ವೇತನದಿಂದ ತೆರಿಗೆ ಕಡಿತ ಪ್ರಾರಂಭವಾಯಿತು. ಕಡಿತಕ್ಕೆ ಒಳಪಡದ ಆದಾಯವುಳ್ಳವರು ತಮ್ಮ ವರ್ಷದ ಆದಾಯವನ್ನು ತಾವೇ ಅಂದಾಜು ಮಾಡಿ, ಘೋಷಣೆ ಸಲ್ಲಿಸಿ, ಮೂರು ತಿಂಗಳಿಗೊಮ್ಮೆ ಕಂತುಗಳಲ್ಲಿ ತೆರಿಗೆ ಪಾವತಿಸತಕ್ಕದ್ದೆಂದು ವಿಧಿಸಲಾಯಿತು. ಇಂದಿಗೂ ಅಮೆರಿಕದಲ್ಲಿ ಸ್ವಯಂ ಉದ್ಯೋಗಿಗಳು ಪಾಲಿಸುತ್ತಿರುವ ತ್ರೈಮಾಸಿಕ ಅಂದಾಜು ತೆರಿಗೆ ಪದ್ಧತಿಯ ಮೂಲ ಇದೇ ಆಗಿದೆ.

ಬಾಕಿ ಬೆಳೆದ ಬಗೆ

1945 ರ ಅಕ್ಟೋಬರಿನಲ್ಲಿ ಸೇನೆಯಿಂದ ಬಿಡುಗಡೆಯಾದಾಗ ಲೂಯಿಸ್ ಅವರ ತೆರಿಗೆ ಬಾಕಿ ಒಂದು ಲಕ್ಷ ಡಾಲರುಗಳಿಗೂ ಹೆಚ್ಚೆಂದು ಅಂದಾಜಿಸಲಾಗಿತ್ತು. ಪಂದ್ಯ ಸಂಘಟಕರಿಂದ ಪಡೆದ ಕೈಸಾಲ ಬೇರೆ ಇತ್ತು. 1946 ರ ಜೂನ್ 19 ರಂದು ಬಿಲ್ಲಿ ಕಾನ್ ಅವರೊಡನೆ ನಡೆದ ಪಂದ್ಯದಲ್ಲಿ ಲೂಯಿಸ್ ಅವರ ಪಾಲಿಗೆ 6 ಲಕ್ಷ ಡಾಲರುಗಳಿಗೂ ಹೆಚ್ಚಿನ ಸಂಭಾವನೆ ನಿಗದಿಯಾಯಿತು. ವ್ಯವಸ್ಥಾಪಕರು 1,40,000 ಡಾಲರ್, ವಿಚ್ಛೇದಿತ ಪತ್ನಿ 66,000 ಡಾಲರ್ ಹಾಗೂ ನ್ಯೂಯಾರ್ಕ್ ರಾಜ್ಯ ಸರ್ಕಾರವು ತೆರಿಗೆಯಾಗಿ 30,000 ಡಾಲರ್ ಪಡೆದರು. ಅನಂತರ ತರಬೇತಿ ವೆಚ್ಚ, ಹಳೆಯ ಸಾಲ ಹಾಗೂ ಕೇಂದ್ರ ಸರ್ಕಾರದ ತೆರಿಗೆ ಇದ್ದೇ ಇತ್ತು. ರಾಜ್ಯದ ತೆರಿಗೆ ಕಟ್ಟಿದ ಮಾತ್ರಕ್ಕೆ ಕೇಂದ್ರದ ತೆರಿಗೆ ತೀರುವುದಿಲ್ಲ. ಎರಡೂ ಪ್ರತ್ಯೇಕ ಹೊಣೆಗಳು. ಇಷ್ಟು ದೊಡ್ಡ ಮೊತ್ತ ಬಂದರೂ ಲೂಯಿಸ್ ಅವರ ಬಳಿ ಉಳಿದದ್ದು ಅತ್ಯಲ್ಪ.

1949 ರ ಮಾರ್ಚ್ 1 ರಂದು ಅವರು ಚಾಂಪಿಯನ್ ಪದವಿಯಲ್ಲಿರುವಾಗಲೇ ನಿವೃತ್ತಿ ಘೋಷಿಸಿದರು. 1950 ರ ಮೇ ತಿಂಗಳಿನಲ್ಲಿ ಕಂದಾಯ ಇಲಾಖೆಯು ಅವರ ಹಿಂದಿನ ವರ್ಷಗಳ ವಿವರಪಟ್ಟಿಗಳ ತಪಾಸಣೆಯನ್ನು ಮುಗಿಸಿ, ಬಡ್ಡಿ ಮತ್ತು ದಂಡ ಸೇರಿ 5 ಲಕ್ಷ ಡಾಲರುಗಳಿಗೂ ಹೆಚ್ಚು ಬಾಕಿಯಿದೆಯೆಂದು ತಿಳಿಸಿತು. ಪಂದ್ಯಗಳಿಂದ ಬರುವ ನಿವ್ವಳ ಹಣವನ್ನು ಬಾಕಿಗೆ ಸಲ್ಲಿಸುವ ಒಪ್ಪಂದದ ಮೇಲೆ ಲೂಯಿಸ್ ಅವರು 36ನೆಯ ವಯಸ್ಸಿನಲ್ಲಿ ಮತ್ತೆ ಕಣಕ್ಕಿಳಿದರು. 1950 ರ ಸೆಪ್ಟೆಂಬರ್ 27 ರಂದು ಎಝರ್ಡ್ ಚಾರ್ಲ್ಸ್ ಅವರ ಎದುರು ಸೋತರು. 1951 ರ ಅಕ್ಟೋಬರ್ 26 ರಂದು ರಾಕಿ ಮಾರ್ಸಿಯಾನೋ ಅವರು ಎಂಟನೇ ಸುತ್ತಿನಲ್ಲಿ ಅವರನ್ನು ನೆಲಕ್ಕುರುಳಿಸಿದರು. ಅದೇ ಅವರ ಕೊನೆಯ ಅಧಿಕೃತ ಪಂದ್ಯ.

ಪಂದ್ಯವಾಡಿಯೂ ಬಾಕಿ ಏಕೆ ತೀರಲಿಲ್ಲವೆಂಬುದನ್ನು ಗಮನಿಸಬೇಕು. ಅಂದು ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇಕಡ 6 ರ ಬಡ್ಡಿ ವಿಧಿಸಲಾಗುತ್ತಿತ್ತು. 5 ಲಕ್ಷ ಡಾಲರುಗಳಿಗೆ ಈ ದರವನ್ನು ಅನ್ವಯಿಸಿದರೆ ಬಡ್ಡಿಯೊಂದೇ ವರ್ಷಕ್ಕೆ 30,000 ಡಾಲರ್ ಆಗುತ್ತದೆ. ಹೊಸದಾಗಿ ದುಡಿದ ಹಣದ ಮೇಲೆ ಮೊದಲು ಆ ವರ್ಷದ ತೆರಿಗೆ ಕಟ್ಟಬೇಕು. ಉಳಿದದ್ದು ಮಾತ್ರ ಹಳೆಯ ಬಾಕಿಗೆ. ಆದಾಯ ತೆರಿಗೆಯ ಗರಿಷ್ಠ ದರ 1944 ಮತ್ತು 1945 ರಲ್ಲಿ ಶೇಕಡ 94 ಹಾಗೂ 1952 ಮತ್ತು 1953 ರಲ್ಲಿ ಶೇಕಡ 92 ಇತ್ತು. ಹೀಗಾಗಿ ದೊಡ್ಡ ಸಂಭಾವನೆ ಬಂದ ವರ್ಷಗಳಲ್ಲಿ ಹೊಸ ತೆರಿಗೆಯೇ ಬಹುಪಾಲನ್ನು ನುಂಗುತ್ತಿತ್ತು. ಸಣ್ಣ ಸಂಭಾವನೆ ಬಂದ ವರ್ಷಗಳಲ್ಲಿ ಬಡ್ಡಿಗೂ ಸಾಲುತ್ತಿರಲಿಲ್ಲ. 1950 ರ ದಶಕದ ಅಂತ್ಯದ ವೇಳೆಗೆ ಬಾಕಿಯು 10 ಲಕ್ಷ ಡಾಲರುಗಳನ್ನು ದಾಟಿತು.

1953 ರಲ್ಲಿ ತಾಯಿ ನಿಧನರಾದರು. ಅವರು ಮಗನಿಗೆಂದು ಬಿಟ್ಟುಹೋಗಿದ್ದ 667 ಡಾಲರುಗಳನ್ನೂ ಇಲಾಖೆಯು ಬಾಕಿಗೆ ಜಮಾ ಮಾಡಿಕೊಂಡಿತು. 1956 ರಲ್ಲಿ ಲೂಯಿಸ್ ಅವರು ಜೀವನೋಪಾಯಕ್ಕಾಗಿ ಪ್ರದರ್ಶನ ಕುಸ್ತಿಗೆ ಇಳಿದು, ಗಾಯಗೊಂಡರು. ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮಗಳಲ್ಲಿಯೂ ಭಾಗವಹಿಸಿದರು. ಒಂದು ಕಾಲದಲ್ಲಿ ಲಕ್ಷಾಂತರ ಜನರು ಕಿವಿಗೊಟ್ಟು ರೇಡಿಯೋ ಮುಂದೆ ಕುಳಿತು ಪಂದ್ಯದ ವಿವರಣೆ ಕೇಳುತ್ತಿದ್ದ ವ್ಯಕ್ತಿಗೆ ಬಂದ ಈ ಸ್ಥಿತಿ ಅಭಿಮಾನಿಗಳಿಗೆ ದುಃಖ ತಂದಿತು.

ಪರಿಹಾರ ಮತ್ತು ಕೊನೆಯ ದಿನಗಳು

1959 ರಲ್ಲಿ ಲೂಯಿಸ್ ಅವರು ವಕೀಲರಾಗಿದ್ದ ಮಾರ್ಥಾ ಜೆಫರ್ಸನ್ ಅವರನ್ನು ವಿವಾಹವಾದರು. 1960 ರ ದಶಕದ ಆರಂಭದಲ್ಲಿ ಇಲಾಖೆಯು ಹಳೆಯ ಬಾಕಿಯ ವಸೂಲಾತಿಯನ್ನು ಅವರ ಆಗಿನ ಆದಾಯಕ್ಕೆ ತಕ್ಕಷ್ಟಕ್ಕೆ ಸೀಮಿತಗೊಳಿಸಲು ಒಪ್ಪಿತು. ಇದರಿಂದ ಅವರಿಗೆ ಉಸಿರಾಡಲು ಅವಕಾಶವಾಯಿತು. 1970 ರ ದಶಕದಲ್ಲಿ ನೆವಾಡಾ ರಾಜ್ಯದ ಲಾಸ್ ವೇಗಸ್ ನಗರದ ಸೀಸರ್ಸ್ ಪ್ಯಾಲೇಸ್ ಹೋಟೆಲಿನಲ್ಲಿ ಅತಿಥಿಗಳನ್ನು ಸ್ವಾಗತಿಸುವ ಉದ್ಯೋಗದಲ್ಲಿದ್ದರು. ಇದೇ ಕಾಲದಲ್ಲಿ ಮಾನಸಿಕ ಅನಾರೋಗ್ಯ ಹಾಗೂ ಹೃದ್ರೋಗದಿಂದ ಬಳಲಿದರು; ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯನ್ನು ಅವಲಂಬಿಸಿದ್ದರು.

1981 ರ ಏಪ್ರಿಲ್ 12 ರಂದು, 66ನೆಯ ವಯಸ್ಸಿನಲ್ಲಿ ಲೂಯಿಸ್ ಅವರು ನಿಧನರಾದರು. ಅಧ್ಯಕ್ಷ ರೊನಾಲ್ಡ್ ರೇಗನ್ ಅವರು ನಿಯಮ ಸಡಿಲಿಸಿದ್ದರಿಂದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೇನಾ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಒಂದು ಕಾಲದ ಎದುರಾಳಿ, ಮುಂದೆ ಆಪ್ತಮಿತ್ರರಾದ ಷ್ಮೆಲಿಂಗ್ ಅವರು ಅಂತ್ಯಕ್ರಿಯೆಯ ವೆಚ್ಚಕ್ಕೆ ನೆರವು ನೀಡಿದರು. 1982 ರಲ್ಲಿ ಅಮೆರಿಕ ಸಂಸತ್ತಿನ ಚಿನ್ನದ ಪದಕ ಮರಣೋತ್ತರವಾಗಿ ಸಂದಿತು. 1993 ರಲ್ಲಿ ಅವರ ಚಿತ್ರವುಳ್ಳ ಅಂಚೆ ಚೀಟಿ ಬಿಡುಗಡೆಯಾಯಿತು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಲೂಯಿಸ್ ಅವರು ತೆರಿಗೆ ವಂಚಕರಾಗಿರಲಿಲ್ಲ. ಹಣ ಬಂದಾಗಲೇ ತೆರಿಗೆಯ ಪಾಲನ್ನು ಎತ್ತಿಡದಿದ್ದುದು, ಲೆಕ್ಕಪತ್ರಗಳನ್ನು ಸ್ವತಃ ನೋಡದಿದ್ದುದು ಹಾಗೂ ಬಾಕಿಯನ್ನು ಬೆಳೆಯಲು ಬಿಟ್ಟುದು ಅವರ ಸಂಕಷ್ಟಕ್ಕೆ ಮುಖ್ಯ ಕಾರಣಗಳು. ಅಮೆರಿಕದಲ್ಲಿ ನೆಲೆಸಿ ಸ್ವಂತ ಉದ್ಯೋಗ ನಡೆಸುತ್ತಿರುವ ಕನ್ನಡಿಗರಿಗೂ, ಅಲ್ಲಿಗೆ ತೆರಳಲಿರುವವರಿಗೂ ಈ ಕೆಳಗಿನ ವಿವರಗಳು ಉಪಯುಕ್ತವಾಗಿವೆ.

1. ಕಡಿತದ ನಂತರ ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೇಂದ್ರ ತೆರಿಗೆ ಬಾಕಿಯಾಗುವ ನಿರೀಕ್ಷೆಯಿರುವವರು ಸಾಮಾನ್ಯವಾಗಿ ಅಂದಾಜು ತೆರಿಗೆ ಪಾವತಿಸಬೇಕು. ಕಂತುಗಳ ದಿನಾಂಕ ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15 ಮತ್ತು ಮರುವರ್ಷದ ಜನವರಿ 15. ಆ ದಿನ ರಜೆಯಿದ್ದಲ್ಲಿ ಮುಂದಿನ ಕೆಲಸದ ದಿನ.

2. ಆ ವರ್ಷದ ತೆರಿಗೆಯ ಶೇಕಡ 90 ಅಥವಾ ಹಿಂದಿನ ವರ್ಷದ ತೆರಿಗೆಯ ಶೇಕಡ 100, ಇವೆರಡರಲ್ಲಿ ಕಡಿಮೆಯಾದುದನ್ನು ಸಕಾಲದಲ್ಲಿ ಪಾವತಿಸಿದವರಿಗೆ ದಂಡ ಬರುವುದಿಲ್ಲ. ಹಿಂದಿನ ವರ್ಷದ ಆದಾಯ 1,50,000 ಡಾಲರ್ ಮೀರಿದ್ದಲ್ಲಿ ಶೇಕಡ 100 ರ ಬದಲು ಶೇಕಡ 110 ಅನ್ವಯವಾಗುತ್ತದೆ.

3. ಆದಾಯ ತೆರಿಗೆಯಲ್ಲದೆ ಸಾಮಾಜಿಕ ಭದ್ರತೆ ಮತ್ತು ವೈದ್ಯಕೀಯ ವಿಮೆಗಾಗಿ ಶೇಕಡ 15.3 ರ ಸ್ವಯಂ ಉದ್ಯೋಗ ತೆರಿಗೆಯೂ ಇದೆ. ಅಂದಾಜು ಮಾಡುವಾಗ ಇದನ್ನು ಮರೆಯಬಾರದು.

4. ರಾಜ್ಯದ ತೆರಿಗೆಯನ್ನು ಪ್ರತ್ಯೇಕವಾಗಿ ಆಯಾ ರಾಜ್ಯಕ್ಕೆ ಪಾವತಿಸಬೇಕು. ನೆವಾಡಾ, ಟೆಕ್ಸಾಸ್, ಫ್ಲಾರಿಡಾ ಮೊದಲಾದ ರಾಜ್ಯಗಳಲ್ಲಿ ವೈಯಕ್ತಿಕ ಆದಾಯ ತೆರಿಗೆಯಿಲ್ಲ. ನ್ಯೂಯಾರ್ಕ್, ಇಲಿನಾಯ್, ಕ್ಯಾಲಿಫೋರ್ನಿಯಾ ಮುಂತಾದವುಗಳಲ್ಲಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕಂತುಗಳು ಸಮನಾಗಿರದೆ ಕ್ರಮವಾಗಿ ಶೇಕಡ 30, 40, 0 ಮತ್ತು 30 ಆಗಿರುತ್ತವೆ.

5. ಭಾರತದಲ್ಲಿಯೂ ವರ್ಷಕ್ಕೆ 10,000 ರೂಪಾಯಿ ಅಥವಾ ಹೆಚ್ಚಿನ ತೆರಿಗೆ ಹೊಣೆಯುಳ್ಳವರಿಗೆ ಇಂತಹುದೇ ಮುಂಗಡ ತೆರಿಗೆ ಪದ್ಧತಿಯಿದೆ. ಜೂನ್ 15 ರೊಳಗೆ ಶೇಕಡ 15, ಸೆಪ್ಟೆಂಬರ್ 15 ರೊಳಗೆ 45, ಡಿಸೆಂಬರ್ 15 ರೊಳಗೆ 75 ಹಾಗೂ ಮಾರ್ಚ್ 15 ರೊಳಗೆ ಪೂರ್ಣ ಪಾವತಿಯಾಗಿರಬೇಕು.

6. ಪಾವತಿಸಲು ಶಕ್ತಿಯಿಲ್ಲದಿದ್ದರೂ ವಿವರಪಟ್ಟಿಯನ್ನು ಸಕಾಲದಲ್ಲಿ ಸಲ್ಲಿಸಿ, ಕಂತುಗಳಿಗಾಗಿ ಸಂಬಂಧಪಟ್ಟ ಕಚೇರಿಯನ್ನು ಕೂಡಲೇ ಸಂಪರ್ಕಿಸುವುದು ಒಳಿತು. ಲೂಯಿಸ್ ಅವರಿಗೆ ಆದಾಯಕ್ಕೆ ತಕ್ಕ ವಸೂಲಾತಿಯ ಒಪ್ಪಂದ ದೊರೆತದ್ದು ತಪಾಸಣೆ ಮುಗಿದು ಹತ್ತು ವರ್ಷಗಳು ಕಳೆದ ಮೇಲೆ. ಅಷ್ಟರಲ್ಲಿ ಬಾಕಿ ಎರಡರಷ್ಟಾಗಿತ್ತು.